ಜೀವಕೋಶದೊಳಗೆ ದೀಪ ಹಚ್ಚುವ ಕೆಲಸ

ಒಂದು ಪ್ರೋಟೀನು ಜೀವಕೋಶದ ಯಾವ ಮೂಲೆಯಲ್ಲಿದೆ ಎಂದು ತಿಳಿಯಲು ಬೆಲೆಬಾಳುವ ಸೂಕ್ಷ್ಮದರ್ಶಕವೊಂದೇ ಸಾಲದು. ಅದರ ಕೆಳಗೆ ಇಡುವ ಗಾಜಿನ ಚೂರನ್ನು ಸಿದ್ಧಪಡಿಸುವ ಕೈಯೂ ನಂಬುವಂಥದ್ದಾಗಿರಬೇಕು. ತಯಾರಿಯ ತಪ್ಪು ಚಿತ್ರದ ತಪ್ಪಾಗುತ್ತದೆ. ಚಿತ್ರದ ತಪ್ಪು ವಿಜ್ಞಾನದ ತಪ್ಪಾಗುತ್ತದೆ.

ಅಂಕೋಲಾ ತಾಲ್ಲೂಕಿನ ಬೇಲೆಕೇರಿಯ ಹೆಸರು ಪತ್ರಿಕೆಗಳಲ್ಲಿ ಬಂದದ್ದು ಹೆಚ್ಚಾಗಿ ಕಬ್ಬಿಣದ ಅದಿರಿನ ಜೊತೆಗೆ. ಆದರೆ ಈ ಕರಾವಳಿಯ ಮೀನುಗಾರರಿಗೆ ಕಡಲಿನ ಇನ್ನೊಂದು ಆಟವೂ ಗೊತ್ತು. ಚಂದ್ರನಿಲ್ಲದ ಕೆಲವು ರಾತ್ರಿಗಳಲ್ಲಿ ಹುಟ್ಟು ಬಿದ್ದಲ್ಲಿ, ಬಲೆ ಅಲುಗಿದಲ್ಲಿ ನೀರು ನೀಲಿಯಾಗಿ ಮಿನುಗಿ ಆರುತ್ತದೆ. 2020ರ ಕೊನೆಯಲ್ಲಿ ಕರಾವಳಿಯ ಹಲವು ಕಡೆ ಈ ಬೆಳಕು ಕಾಣಿಸಿದಾಗ ಜನ ಮೊಬೈಲ್ ಹಿಡಿದು ದಂಡೆಗೆ ಓಡಿದರು. ಅದು ನಾಕ್ಟಿಲುಕ ಎಂಬ ಏಕಕೋಶ ಜೀವಿಯ ಕೆಲಸ. ಅಲೆ ತಟ್ಟಿದಾಗ ಅದರ ಮೈಯೊಳಗೆ ರಾಸಾಯನಿಕ ಕ್ರಿಯೆ ನಡೆದು ಬೆಳಕು ಹೊಮ್ಮುತ್ತದೆ. ಮಿಂಚುಹುಳುವಿನ ಬೆಳಕಿನದೂ ಇದೇ ಜಾತಿ.

ಇನ್ನೊಂದು ಜಾತಿಯ ಬೆಳಕೂ ಇದೆ. ಅದಕ್ಕೆ ಸ್ವಂತ ಬಂಡವಾಳವಿಲ್ಲ. ಹೊರಗಿನಿಂದ ಒಂದು ಬಣ್ಣದ ಬೆಳಕನ್ನು ನುಂಗಿ ಇನ್ನೊಂದು ಬಣ್ಣದಲ್ಲಿ ಉಗುಳುತ್ತದೆ. ಬ್ಯಾಂಕಿನ ಗುಮಾಸ್ತರು ನೋಟನ್ನು ನೇರಳಾತೀತ ದೀಪದ ಕೆಳಗೆ ಹಿಡಿದಾಗ ಅದರ ಮೇಲಿನ ಅಂಕಿ, ಎಳೆಗಳು ಹೊಳೆಯುತ್ತವಲ್ಲ, ಅದೇ ಇದು. ಅದೇ ದೀಪದ ಕೆಳಗೆ ಅಡುಗೆಮನೆಯ ಅರಿಶಿನವೂ ಬೆಳಗುತ್ತದೆ. ಕ್ವಿನೈನ್ ದ್ರಾವಣದಲ್ಲಿ ಇಂಥ ನೀಲಿ ಹೊಳಪನ್ನು ಪರೀಕ್ಷಿಸಿ, 1852ರಲ್ಲಿ ಇದಕ್ಕೆ ‘ಫ್ಲೋರೊಸೆನ್ಸ್’ ಎಂದು ಹೆಸರಿಟ್ಟವರು ಜಾರ್ಜ್ ಸ್ಟೋಕ್ಸ್. ಕನ್ನಡದಲ್ಲಿ ಪ್ರತಿದೀಪ್ತಿ ಎನ್ನುತ್ತಾರೆ. ಉಗುಳುವ ಬೆಳಕಿನ ತರಂಗ ನುಂಗಿದ್ದಕ್ಕಿಂತ ಉದ್ದವಾಗಿರುತ್ತದೆ: ನೀಲಿ ನುಂಗಿದರೆ ಹಸಿರು, ಹಸಿರು ನುಂಗಿದರೆ ಕೆಂಪು. ಇವತ್ತಿನ ಜೀವವಿಜ್ಞಾನದ ಎಷ್ಟೋ ಬಣ್ಣದ ಚಿತ್ರಗಳು ನಿಂತಿರುವುದು ಈ ಸರಳ ಸಂಗತಿಯ ಮೇಲೆ.

ಗಂಜಿಯ ತಿಳಿಯಲ್ಲಿ ಉಪ್ಪು

ಮನುಷ್ಯನ ಒಂದು ಸಾಮಾನ್ಯ ಜೀವಕೋಶ ಮಿಲಿಮೀಟರಿನ ನೂರನೇ ಒಂದು ಭಾಗ ಅಥವಾ ಅದರ ಎರಡು ಪಟ್ಟು ಅಗಲವಿರುತ್ತದೆ. ಅದರೊಳಗೆ ಸಾವಿರಾರು ಬಗೆಯ ಪ್ರೋಟೀನುಗಳು. ಒಂದೊಂದರ ಗಾತ್ರ ಕೆಲವೇ ನ್ಯಾನೊಮೀಟರ್. ಸಾಧಾರಣ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಜೀವಕೋಶ ಹೆಚ್ಚುಕಡಿಮೆ ಪಾರದರ್ಶಕ. ನಡುವೆ ಕೋಶಕೇಂದ್ರದ ನೆರಳು, ಸುತ್ತ ಒಂದಿಷ್ಟು ಚುಕ್ಕೆ, ಅಷ್ಟೆ. ಅದರಲ್ಲಿ ಒಂದು ನಿರ್ದಿಷ್ಟ ಪ್ರೋಟೀನನ್ನು ಹುಡುಕುವುದೆಂದರೆ ಗಂಜಿಯ ತಿಳಿಯಲ್ಲಿ ಕರಗಿದ ಉಪ್ಪನ್ನು ಕಣ್ಣಿನಿಂದ ಹುಡುಕಿದ ಹಾಗೆ.

ಅಮೆರಿಕದ ವೈದ್ಯ ಆಲ್ಬರ್ಟ್ ಕೂನ್ಸ್ 1941ರಲ್ಲಿ ಇದಕ್ಕೆ ದಾರಿ ತೋರಿಸಿದರು. ನಮ್ಮ ರಕ್ತದಲ್ಲಿ ಪ್ರತಿಕಾಯಗಳಿರುತ್ತವೆ. ಒಂದೊಂದು ಪ್ರತಿಕಾಯವೂ ತನ್ನ ವೈರಿಯನ್ನು ಮಾತ್ರ ಗುರುತಿಸಿ ಹಿಡಿಯುತ್ತದೆ, ಬೀಗಕ್ಕೆ ಕೀಲಿ ಕೂರುವ ಹಾಗೆ. ಆ ಪ್ರತಿಕಾಯದ ಬೆನ್ನಿಗೆ ಪ್ರತಿದೀಪ್ತಿಯ ಬಣ್ಣವೊಂದನ್ನು ಕಟ್ಟಿ ಕಳಿಸಿದರೆ? ಅದು ಎಲ್ಲಿ ಹೋಗಿ ಕೂತಿತೋ ಅಲ್ಲಿ ಬೆಳಕು. ನ್ಯುಮೋನಿಯಾದ ರೋಗಾಣುವನ್ನು ಕೂನ್ಸ್ ಹೀಗೇ ಪತ್ತೆ ಹಚ್ಚಿದರು. 1975ರಲ್ಲಿ ಜಾರ್ಜ್ ಕೋಹ್ಲರ್ ಮತ್ತು ಸೀಸರ್ ಮಿಲ್‌ಸ್ಟೈನ್ ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ವಿಧಾನ ಕಂಡುಹಿಡಿದ ಮೇಲಂತೂ ಈ ಕೀಲಿಗಳು ಬಾಟಲಿಯಲ್ಲಿ ಮಾರಾಟಕ್ಕೆ ಬಂದವು.

ಆದರೆ ಕೀಲಿ ಕೈಯಲ್ಲಿದ್ದರೆ ಸಾಲದು. ಬಾಗಿಲು ಎಲ್ಲಿದೆಯೋ ಅಲ್ಲಿಯೇ ಇರಬೇಕು, ಬೀಗ ಕೆಟ್ಟಿರಬಾರದು, ಮನೆಯೊಳಗೆ ಹೋಗಲು ಹಾದಿ ಇರಬೇಕು. ಕೋಶಗಳನ್ನು ಸೂಕ್ಷ್ಮದರ್ಶಕಕ್ಕೆ ಅಣಿಮಾಡುವ ಕೆಲಸವೆಂದರೆ ಈ ಮೂರನ್ನೂ ಸಾಧಿಸುವುದು.

ಗಾಜಿನ ಮೇಲೆ ಬೇಸಾಯ

ಮೊದಲ ಹಂತ ಕೋಶ ಕೃಷಿ. ಬಾಳೆಯ ಅಂಗಾಂಶ ಕೃಷಿ ನಮ್ಮ ರೈತರಿಗೆ ಹೊಸದಲ್ಲ. ಪ್ರಾಣಿಗಳ ಕೋಶದ ಕೃಷಿ ಅದಕ್ಕಿಂತ ನಾಜೂಕು. ಭಾರತದ ಅನೇಕ ಪ್ರಯೋಗಾಲಯಗಳು ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದ ಭಂಡಾರದಿಂದ ತಳಿಗಳನ್ನು ತರಿಸಿಕೊಳ್ಳುತ್ತವೆ. ಅವುಗಳಲ್ಲಿ ಹೆಸರಾದದ್ದು ಹೀಲಾ. 1951ರಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಅಮೆರಿಕದ ಮಹಿಳೆಯ ಗರ್ಭಕಂಠದ ಗೆಡ್ಡೆಯಿಂದ ಅವರ ಒಪ್ಪಿಗೆ ಕೇಳದೆಯೇ ತೆಗೆದ ಕೋಶಗಳವು. ಆಕೆ ಅದೇ ವರ್ಷ ತೀರಿಕೊಂಡರು. ಕೋಶಗಳು ಇಂದಿಗೂ ಬೆಳೆಯುತ್ತಿವೆ.

ಈ ಬೆಳೆಗೆ ಬೇಕಾದದ್ದು 37 ಡಿಗ್ರಿ ಶಾಖ, ಶೇಕಡ 5ರಷ್ಟು ಇಂಗಾಲದ ಡೈ ಆಕ್ಸೈಡ್ ಬೆರೆತ ತೇವದ ಗಾಳಿ, ಸಕ್ಕರೆ, ಲವಣ, ಅಮೈನೊ ಆಮ್ಲಗಳ ದ್ರಾವಣ ಮತ್ತು ಸಾಮಾನ್ಯವಾಗಿ ಶೇಕಡ 10ರಷ್ಟು ದನದ ಭ್ರೂಣದ ರಕ್ತಸಾರ. ದ್ರಾವಣಕ್ಕೆ ಕೆಂಪು ಸೂಚಕವೊಂದನ್ನು ಬೆರೆಸಿರುತ್ತಾರೆ. ಕೋಶಗಳು ತಿಂದು ಆಮ್ಲ ಬಿಟ್ಟಂತೆ ಕೆಂಪು ಹೋಗಿ ಹಳದಿಯಾಗುತ್ತದೆ. ಬೆಳಿಗ್ಗೆ ಬಂದ ಸಂಶೋಧಕಿ ಬಣ್ಣ ನೋಡಿಯೇ ಹೊಟ್ಟೆ ತುಂಬಿದೆಯೋ ಹಸಿವಾಗಿದೆಯೋ ಹೇಳಬಲ್ಲಳು. ರಾತ್ರಿ ಬೆಳಗಾಗುವುದರೊಳಗೆ ದ್ರಾವಣ ಕದಡಿ ಹಳದಿಯಾಗಿದ್ದರೆ ಬ್ಯಾಕ್ಟೀರಿಯ ನುಗ್ಗಿದೆ ಎಂದರ್ಥ. ಎಲ್ಲವನ್ನೂ ಕೊಂದು ಚೆಲ್ಲಬೇಕು.

ಇನ್ನೂ ಕಳ್ಳ ಶತ್ರು ಮೈಕೊಪ್ಲಾಸ್ಮ. ಅದು ದ್ರಾವಣವನ್ನು ಕದಡುವುದಿಲ್ಲ, ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಕಾಣುವುದಿಲ್ಲ, ಪೆನಿಸಿಲಿನ್ನಿಗೂ ಬಗ್ಗುವುದಿಲ್ಲ. ಆದರೆ ಕೋಶಗಳ ನಡವಳಿಕೆಯನ್ನೇ ಬದಲಿಸಿಬಿಡುತ್ತದೆ. ಡಿಎನ್‌ಎಗೆ ಅಂಟುವ ಡ್ಯಾಪಿ ಎಂಬ ನೀಲಿ ಬಣ್ಣ ಹಾಕಿದಾಗ ಕೋಶಕೇಂದ್ರದ ಆಚೆಗೂ ಪುಡಿ ಉದುರಿಸಿದಂತೆ ಚುಕ್ಕೆ ಕಂಡರೆ ಈ ಕಳ್ಳ ಸಿಕ್ಕಿಬಿದ್ದ ಹಾಗೆ.

ಪಾತ್ರೆಗೆ ಅಂಟಿ ಬೆಳೆದ ಕೋಶಗಳನ್ನು ಬಿಡಿಸಲು ಟ್ರಿಪ್ಸಿನ್ ಬಳಸುತ್ತಾರೆ. ನಮ್ಮ ಕರುಳಿನಲ್ಲಿ ಪ್ರೋಟೀನನ್ನು ಜೀರ್ಣಿಸುವ ಕಿಣ್ವವೇ ಇದು. ಹಾಗಾಗಿ ಹೆಚ್ಚು ಹೊತ್ತು ಬಿಟ್ಟರೆ ಕೋಶದ ಮೈಮೇಲಿನ ಪ್ರೋಟೀನುಗಳನ್ನೂ ಕತ್ತರಿಸುತ್ತದೆ. ಬಿಡಿಸಿದ ಕೋಶಗಳನ್ನು ತೆಳು ಗಾಜಿನ ಬಿಲ್ಲೆಗಳ ಮೇಲೆ ಬಿತ್ತಿ ಒಂದು ದಿನವಾದರೂ ಬಿಡುವುದು ಅದಕ್ಕೇ. ಅವು ನೆಲ ಹಿಡಿದು, ಕೈಕಾಲು ಚಾಚಿ, ಕಳೆದುಕೊಂಡ ಪ್ರೋಟೀನನ್ನು ಮತ್ತೆ ತಯಾರಿಸಿಕೊಳ್ಳಬೇಕು. ಒತ್ತೊತ್ತಾಗಿ ಬಿತ್ತಿದರೆ ಒಂದರ ಮೇಲೊಂದು ಏರಿ ಯಾವುದೂ ಸ್ಪಷ್ಟವಾಗುವುದಿಲ್ಲ. ತೀರ ವಿರಳವಾದರೆ ಕೋಶಗಳು ಸೊರಗುತ್ತವೆ. ಬಿಲ್ಲೆಯ ಅರ್ಧದಿಂದ ಮುಕ್ಕಾಲು ಭಾಗ ತುಂಬಿದರೆ ಹದ.

ಬಿಲ್ಲೆಯ ದಪ್ಪವೂ ಮುಖ್ಯ. ಉತ್ತಮ ಮಸೂರಗಳನ್ನು 0.17 ಮಿಲಿಮೀಟರ್ ದಪ್ಪದ ಗಾಜಿನ ಮೂಲಕ ನೋಡಲೆಂದೇ ಲೆಕ್ಕ ಹಾಕಿ ತಯಾರಿಸಿರುತ್ತಾರೆ. ಲಕ್ಷಾಂತರ ರೂಪಾಯಿಯ ಯಂತ್ರದ ಕೆಳಗೆ ಬೇರೆ ದಪ್ಪದ ಗಾಜಿಟ್ಟರೆ ಚಿತ್ರ ಮಸುಕಾಗುತ್ತದೆ.

ಮೀನಿಗೂ ಕೋಶಕ್ಕೂ ಒಂದೇ ಔಷಧ

ಮುಂದಿನದು ಕೋಶವನ್ನು ಇದ್ದ ಭಂಗಿಯಲ್ಲೇ ನಿಲ್ಲಿಸುವ ಹಂತ. ಕಾರವಾರ, ಅಂಕೋಲಾದ ಮೀನುಪೇಟೆಯವರಿಗೆ ಫಾರ್ಮಲಿನ್ ಎಂಬ ಹೆಸರು ಮರೆಯುವಂಥದ್ದಲ್ಲ. 2018ರಲ್ಲಿ ಮೀನು ಕೆಡದಂತೆ ಫಾರ್ಮಲಿನ್ ಹಾಕುತ್ತಾರೆಂಬ ಗುಮಾನಿ ಎದ್ದು ಗೋವಾ ಸರ್ಕಾರ ಹೊರಗಿನ ಮೀನಿಗೆ ತಡೆ ಒಡ್ಡಿದಾಗ ಇಲ್ಲಿಯ ವ್ಯಾಪಾರಕ್ಕೂ ಪೆಟ್ಟು ಬಿತ್ತು. ತಿನ್ನುವ ಮೀನಿಗೆ ವಿಷವಾದ ಅದೇ ಫಾರ್ಮಾಲ್ಡಿಹೈಡ್ ಪ್ರಯೋಗಾಲಯದಲ್ಲಿ ನಿತ್ಯದ ಸಾಮಗ್ರಿ. ಅದು ಅಕ್ಕಪಕ್ಕದ ಪ್ರೋಟೀನುಗಳ ನಡುವೆ ಹೊಲಿಗೆ ಹಾಕುತ್ತದೆ. ಕೊಳೆಯುವುದೂ ನಿಲ್ಲುತ್ತದೆ, ಚಲನೆಯೂ ನಿಲ್ಲುತ್ತದೆ. ಶೇಕಡ 4ರ ದ್ರಾವಣದಲ್ಲಿ ಹತ್ತಿಪ್ಪತ್ತು ನಿಮಿಷ ಇಟ್ಟರೆ ಸಾಮಾನ್ಯವಾಗಿ ಸಾಕು.

ಇನ್ನೊಂದು ದಾರಿ ಸೊನ್ನೆಗಿಂತ 20 ಡಿಗ್ರಿ ಕೆಳಗಿನ ತಣ್ಣನೆಯ ಮೆಥನಾಲ್. ಅದು ಹೊಲಿಯುವುದಿಲ್ಲ; ನೀರನ್ನು ಹೀರಿ, ಕೊಬ್ಬನ್ನು ಕರಗಿಸಿ, ಪ್ರೋಟೀನನ್ನು ಇದ್ದಲ್ಲೇ ಗಟ್ಟಿಮಾಡುತ್ತದೆ, ಮೊಟ್ಟೆಯ ಬಿಳಿ ಗಟ್ಟಿಯಾಗುವ ಹಾಗೆ. ಕೋಶದೊಳಗಿನ ಸೂಕ್ಷ್ಮನಾಳಗಳ ಜಾಲವನ್ನು ನೋಡಲು ಇದನ್ನು ಮೆಚ್ಚುವವರು ಹೆಚ್ಚು. ಆದರೆ ಪೊರೆಯ ಪ್ರೋಟೀನುಗಳಿಗೆ ಇದು ಆಗಿಬರುವುದಿಲ್ಲ. ಆಕ್ಟಿನ್ ಎಳೆಗಳಿಗೆ ಅಂಟುವ ಫ್ಯಾಲಾಯ್ಡಿನ್ ಎಂಬ ಅಣಬೆಯ ವಿಷವೂ ಮೆಥನಾಲ್ ಹಾಕಿದ ಕೋಶದಲ್ಲಿ ಸರಿಯಾಗಿ ಹಿಡಿಯುವುದಿಲ್ಲ. ಯಾವ ಪ್ರೋಟೀನಿಗೆ ಯಾವ ದಾರಿ ಎಂಬುದನ್ನು ಪರೀಕ್ಷಿಸಿಯೇ ತಿಳಿಯಬೇಕು.

ಈ ನಡುವೆ ಎಷ್ಟೋ ಬಾರಿ ತೊಳೆಯುವುದಿದೆ. ಬರಿಯ ನೀರಲ್ಲಿ ತೊಳೆದರೆ ಜೀವಂತ ಕೋಶ ನೀರು ಕುಡಿದು ಒಡೆಯುತ್ತದೆ. ದೇಹದ ದ್ರವದಷ್ಟೇ ಉಪ್ಪಿರುವ ಫಾಸ್ಫೇಟ್ ದ್ರಾವಣವೇ ಬೇಕು. ಬಿಲ್ಲೆ ಒಂದು ಕ್ಷಣವೂ ಒಣಗಕೂಡದು. ಒಣಗಿದ ಜಾಗಕ್ಕೆ ಬಣ್ಣ ಸುಮ್ಮನೆ ಅಂಟಿಕೊಂಡು ಹೊಳೆಯುತ್ತದೆ.

ಆಮೇಲೆ ಬಾಗಿಲು ತೆರೆಯಬೇಕು. ಪ್ರತಿಕಾಯ ದೊಡ್ಡ ಅಣು, ಕೋಶದ ಪೊರೆಯನ್ನು ತಾನಾಗಿ ದಾಟಲಾರದು. ಫಾರ್ಮಾಲ್ಡಿಹೈಡ್ ಹಾಕಿದ ಕೋಶಗಳಿಗೆ ಟ್ರೈಟಾನ್ ಎಂಬ ಮಾರ್ಜಕವನ್ನು ಶೇಕಡ 0.1ರಷ್ಟು ಹಾಕಿ ಪೊರೆಯಲ್ಲಿ ರಂಧ್ರ ಮಾಡುತ್ತಾರೆ. ಕೋಶದ ಹೊರಮೈಯ ಪ್ರೋಟೀನನ್ನಷ್ಟೇ ನೋಡಬೇಕಿದ್ದರೆ ಈ ಹಂತವನ್ನೇ ಬಿಡುತ್ತಾರೆ. ಅನಂತರ ದನದ ರಕ್ತದ ಆಲ್ಬುಮಿನ್ ಎರೆದು, ಎಲ್ಲೆಂದರಲ್ಲಿ ಅಂಟುವ ಜಾಗಗಳನ್ನು ಮೊದಲೇ ತುಂಬಿಬಿಡುತ್ತಾರೆ.

ಈಗ ಕೀಲಿಯ ಸರದಿ. ಇಲಿ ಅಥವಾ ಮೊಲದಲ್ಲಿ ತಯಾರಾದ ಮೊದಲ ಪ್ರತಿಕಾಯ ಹೋಗಿ ಪ್ರೋಟೀನನ್ನು ಹಿಡಿಯುತ್ತದೆ. ಚೆನ್ನಾಗಿ ತೊಳೆದ ಮೇಲೆ, ಆ ಇಲಿಯ ಪ್ರತಿಕಾಯವನ್ನೇ ಹಿಡಿಯುವ, ಮೇಕೆಯಲ್ಲಿ ತಯಾರಾದ ಎರಡನೆಯ ಪ್ರತಿಕಾಯ. ಬಣ್ಣ ಇರುವುದು ಇದರ ಬೆನ್ನಿಗೆ. ಒಂದು ಮೊದಲ ಪ್ರತಿಕಾಯದ ಮೇಲೆ ಹಲವು ಎರಡನೆಯವು ಕೂರುವುದರಿಂದ ಬೆಳಕು ಹೆಚ್ಚುತ್ತದೆ. ಇಲ್ಲಿಂದ ಮುಂದೆ ಕೆಲಸವೆಲ್ಲ ಕತ್ತಲಲ್ಲಿ, ಏಕೆಂದರೆ ಬೆಳಕು ಬಿದ್ದಷ್ಟೂ ಈ ಬಣ್ಣಗಳು ಬಿಸಿಲಿಗೆ ಒಣಹಾಕಿದ ಸೀರೆಯ ಹಾಗೆ ಮಾಸುತ್ತವೆ. ಕೊನೆಗೆ ಗ್ಲಿಸರಿನ್ನಿನ ಹನಿಯ ಮೇಲೆ ಬಿಲ್ಲೆಯನ್ನು ಬೋರಲು ಹಾಕಿ ಅಂಚನ್ನು ಮುಚ್ಚಬೇಕು. ಜಗತ್ತಿನ ದೊಡ್ಡ ದೊಡ್ಡ ಪ್ರಯೋಗಾಲಯಗಳಲ್ಲಿ ಅದಕ್ಕೆ ಬಳಸುವುದು ಅಂಗಡಿಯಲ್ಲಿ ಸಿಗುವ ಉಗುರುಬಣ್ಣ!

ಬೆಂಗಳೂರಿನ ಪಾಠ

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಚಿತ್ರ ಮೋಸ ಮಾಡಬಹುದು. ಅದನ್ನು ತೋರಿಸಿದವರಲ್ಲಿ ಸತ್ಯಜಿತ್ ಮೇಯರ್ ಒಬ್ಬರು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ದಶಕಗಳ ಕಾಲ ಸಂಶೋಧನೆ ನಡೆಸಿ, 2013ರಿಂದ 2023ರವರೆಗೆ ಅದರ ನಿರ್ದೇಶಕರಾಗಿದ್ದವರು.

ಅವರ ಆಸಕ್ತಿಯ ವಸ್ತು ಕೋಶದ ಹೊರಪೊರೆಗೆ ಕೊಬ್ಬಿನ ಬಾಲದಿಂದ ಅಂಟಿಕೊಂಡಿರುವ ಒಂದು ಗುಂಪಿನ ಪ್ರೋಟೀನುಗಳು. ಫೋಲಿಕ್ ಆಮ್ಲವನ್ನು ಹಿಡಿಯುವ ಪ್ರೋಟೀನು ಅವುಗಳಲ್ಲಿ ಒಂದು. ಇವು ಪೊರೆಯ ಮೇಲಿನ ಕೆವಿಯೋಲೆ ಎಂಬ ಪುಟ್ಟ ಕುಳಿಗಳಲ್ಲಿ ಗುಂಪುಗೂಡಿರುತ್ತವೆ ಎಂದು 1990ರ ದಶಕದ ಆರಂಭದಲ್ಲಿ ಅನೇಕರು ನಂಬಿದ್ದರು. ಪ್ರತಿಕಾಯ ಹಾಕಿ ತೆಗೆದ ಚಿತ್ರಗಳಲ್ಲಿ ಗುಂಪುಗಳು ಕಣ್ಣಿಗೆ ಹೊಡೆಯುವಂತೆ ಕಾಣುತ್ತಿದ್ದವು. ಆಗ ಅಮೆರಿಕದಲ್ಲಿದ್ದ ಮೇಯರ್, ಕರೆನ್ ರಾತ್‌ಬರ್ಗ್ ಮತ್ತು ಫ್ರೆಡೆರಿಕ್ ಮ್ಯಾಕ್ಸ್‌ಫೀಲ್ಡ್ 1994ರಲ್ಲಿ ಬೇರೆಯದೇ ಕತೆ ಹೇಳಿದರು. ಮೊದಲ ಪ್ರತಿಕಾಯಕ್ಕೇ ಬಣ್ಣ ಕಟ್ಟಿ ನೋಡಿದರೆ ಪ್ರೋಟೀನು ಪೊರೆಯ ತುಂಬ ಹರಡಿಕೊಂಡಿತ್ತು. ಎರಡನೆಯ ಪ್ರತಿಕಾಯ ಹಾಕಿದ ಮೇಲಷ್ಟೇ ಗುಂಪುಗಳು ಕುಳಿಗಳತ್ತ ಸರಿದವು.

ಆದದ್ದು ಇಷ್ಟು. ಪ್ರತಿಕಾಯಕ್ಕೆ ಎರಡು ಕೈ. ಒಂದು ಕೈಯಲ್ಲಿ ಒಂದನ್ನು, ಇನ್ನೊಂದು ಕೈಯಲ್ಲಿ ಮತ್ತೊಂದನ್ನು ಹಿಡಿದು ಎಳೆದು ಗುಂಪು ಕಟ್ಟಿಬಿಡುತ್ತದೆ. ಕೊಬ್ಬಿನ ಬಾಲದ ಪ್ರೋಟೀನುಗಳು ಪೊರೆಯಲ್ಲಿ ತೇಲಾಡುವಂಥವು. ಫಾರ್ಮಾಲ್ಡಿಹೈಡಿನ ಹೊಲಿಗೆಗೂ ಸುಲಭವಾಗಿ ಸಿಕ್ಕುವುದಿಲ್ಲ. ಜನರ ಚಿತ್ರ ತೆಗೆಯಲು ಹೋದವನು ತಾನೇ ಸಂತೆ ಸೇರಿಸಿ, ‘ನೋಡಿ, ಇಲ್ಲಿ ಯಾವಾಗಲೂ ಸಂತೆ’ ಎಂದ ಹಾಗಾಯಿತು. ಮರುವರ್ಷ ಮೇಯರ್ ಮತ್ತು ಮ್ಯಾಕ್ಸ್‌ಫೀಲ್ಡ್ ಟ್ರೈಟಾನಿನಂಥ ಮಾರ್ಜಕವೂ ಈ ಪ್ರೋಟೀನುಗಳ ಜಾಗ ಬದಲಿಸುತ್ತದೆ ಎಂದು ತೋರಿಸಿದರು.

ಹಾಗಾದರೆ ಅವು ಗುಂಪಾಗಿ ಇರುವುದೇ ಇಲ್ಲವೇ? ಈ ಪ್ರಶ್ನೆಗೆ ಉತ್ತರ ಬಂದದ್ದು ಬೆಂಗಳೂರಿನಿಂದ. 1998ರಲ್ಲಿ ರಜತ್ ವರ್ಮಾ ಮತ್ತು ಮೇಯರ್ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೋಶ ಜೀವಂತ. ಫೋಲಿಕ್ ಆಮ್ಲದಂಥದೇ ಪುಟ್ಟ ಅಣುವಿಗೆ ಬಣ್ಣ ಕಟ್ಟಿ ಕೊಟ್ಟರು. ಒಂದು ಪ್ರೋಟೀನಿಗೆ ಒಂದೇ ದೀಪ. ಎಳೆದು ಸೇರಿಸುವ ಎರಡು ಕೈಗಳಿಲ್ಲ. ಎರಡು ದೀಪಗಳು ತೀರ ಹತ್ತಿರವಿದ್ದರೆ ಒಂದು ನುಂಗಿದ ಶಕ್ತಿ ಇನ್ನೊಂದಕ್ಕೆ ದಾಟಿ, ಹೊರಬರುವ ಬೆಳಕಿನ ಕಂಪನದ ದಿಕ್ಕು ಚದುರುತ್ತದೆ. ಆ ಚದುರುವಿಕೆಯನ್ನು ಅಳೆದು, ಈ ಪ್ರೋಟೀನುಗಳು 70 ನ್ಯಾನೊಮೀಟರಿಗಿಂತ ಚಿಕ್ಕ ಗುಂಪುಗಳಲ್ಲಿ ಇವೆ ಎಂದು ತೀರ್ಮಾನಿಸಿದರು. ಸಾಧಾರಣ ಬೆಳಕಿನ ಸೂಕ್ಷ್ಮದರ್ಶಕ ಸುಮಾರು 200 ನ್ಯಾನೊಮೀಟರಿಗಿಂತ ಸಣ್ಣದನ್ನು ಬಿಡಿಸಿ ತೋರಿಸಲಾರದು. ಆದ್ದರಿಂದ ಇವನ್ನು ನೇರ ಕಾಣುವುದು ಸಾಧ್ಯವಿರಲಿಲ್ಲ. 2004ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯ ಭೌತವಿಜ್ಞಾನಿ ಮದನ್ ರಾವ್ ಮೊದಲಾದವರ ಜೊತೆ ಸೇರಿ ನಡೆಸಿದ ಅಧ್ಯಯನದಲ್ಲಿ, ಒಂದೊಂದು ಗುಂಪಿನಲ್ಲಿ ಇರುವುದು ಕೈಬೆರಳೆಣಿಕೆಯ ಅಣುಗಳಷ್ಟೇ ಎಂದು ಗೊತ್ತಾಯಿತು. ಚಿತ್ರದಲ್ಲಿ ಕಂಡ ದೊಡ್ಡ ಗುಂಪು ಸುಳ್ಳು. ಚಿತ್ರದಲ್ಲಿ ಕಾಣದ ಪುಟ್ಟ ಗುಂಪು ನಿಜ!

ಇದೊಂದೇ ಪ್ರಸಂಗವಲ್ಲ. ಏಡ್ಸ್ ವೈರಸ್ಸಿನ ಟ್ಯಾಟ್ ಪ್ರೋಟೀನಿನ ತುಣುಕು ಕೋಶದ ಪೊರೆಯನ್ನು ಕ್ಷಣದಲ್ಲಿ ದಾಟಿ ಕೋಶಕೇಂದ್ರ ಸೇರುತ್ತದೆ, ಅದರ ಬೆನ್ನಿಗೆ ಔಷಧ ಕಟ್ಟಿ ಕಳಿಸಬಹುದು ಎಂಬ ಆಸೆ ಒಂದು ಕಾಲಕ್ಕೆ ಜೋರಾಗಿತ್ತು. 2003ರಲ್ಲಿ ಸಂಶೋಧಕರು ಜೀವಂತ ಕೋಶದಲ್ಲೇ ನೋಡಿದಾಗ, ತುಣುಕು ಕೋಶದೊಳಗಿನ ಚೀಲಗಳಲ್ಲಿ ಸಿಕ್ಕಿಕೊಂಡಿತ್ತು. ಕೋಶವನ್ನು ಸ್ಥಿರೀಕರಿಸುವ ಹಂತದಲ್ಲೇ ಅದು ಹರಿದು ಒಳಗೆ ಹಂಚಿಹೋಗುತ್ತಿತ್ತು. ಹಳೆಯ ಚಿತ್ರಗಳು ತೋರಿಸಿದ್ದು ಕೋಶ ಸತ್ತ ಮೇಲಿನ ಪ್ರಯಾಣವನ್ನು.

ಲೋಳೆಮೀನು ಕೊಟ್ಟ ವರ

ಕೋಶವನ್ನು ಕೊಲ್ಲದೆ, ಪ್ರತಿಕಾಯ ಹಾಕದೆ ಪ್ರೋಟೀನನ್ನು ಬೆಳಗಿಸುವ ದಾರಿಯನ್ನು ತೋರಿಸಿದ್ದು ಲೋಳೆಮೀನು. ಜಪಾನಿನ ಒಸಾಮು ಶಿಮೊಮುರ 1961ರ ಬೇಸಿಗೆಯಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯ ಫ್ರೈಡೇ ಹಾರ್ಬರ್‌ನಲ್ಲಿ ಈಕ್ವೋರಿಯ ಎಂಬ ಲೋಳೆಮೀನುಗಳನ್ನು ಸುಮಾರು 10,000ದಷ್ಟು ಹಿಡಿದು ಅವುಗಳ ಬೆಳಕಿನ ಮೂಲ ಹುಡುಕಿದರು. ಎಷ್ಟು ಹಿಂಡಿದರೂ ಸಿಗದ ಬೆಳಕು, ಬೇಸತ್ತು ಸಾರವನ್ನು ತೊಟ್ಟಿಗೆ ಸುರಿದಾಗ ಫಳ್ಳನೆ ಹೊಳೆಯಿತು. ಆ ತೊಟ್ಟಿಗೆ ಸಮುದ್ರದ ನೀರು ಹರಿಯುತ್ತಿತ್ತು. ಅದರ ಕ್ಯಾಲ್ಸಿಯಂ ಬೆಳಕಿನ ಗುಂಡಿ ಒತ್ತಿತ್ತು. ಜೊತೆಗೆ ಸಿಕ್ಕ ಇನ್ನೊಂದು ಪ್ರೋಟೀನು ನೀಲಿ ನುಂಗಿ ಹಸಿರು ಉಗುಳುವಂಥದ್ದು, ಜಿಎಫ್‌ಪಿ. 238 ಅಮೈನೊ ಆಮ್ಲಗಳ ಈ ಸರಪಣಿಯ ವಂಶವಾಹಿಯನ್ನು 1992ರಲ್ಲಿ ಡಗ್ಲಸ್ ಪ್ರಾಷರ್ ಬೇರ್ಪಡಿಸಿದರು. 1994ರಲ್ಲಿ ಮಾರ್ಟಿನ್ ಚಾಲ್ಫಿ ಅದನ್ನು ಬ್ಯಾಕ್ಟೀರಿಯ ಮತ್ತು ಹುಳುವಿನೊಳಗೆ ಬೆಳಗಿಸಿದರು. ರೋಜರ್ ಸಿಯನ್ ಬಣ್ಣಬಣ್ಣದ ತಳಿಗಳನ್ನು ತಯಾರಿಸಿದರು. 2008ರ ನೊಬೆಲ್ ಶಿಮೊಮುರ, ಚಾಲ್ಫಿ, ಸಿಯನ್ ಮೂವರಿಗೆ ಸಂದಿತು. ಆ ಹೊತ್ತಿಗೆ ಸಂಶೋಧನೆಗೆ ಹಣ ಸಿಗದೆ ಪ್ರಾಷರ್ ಕಾರು ಮಳಿಗೆಯೊಂದರ ಗಿರಾಕಿಗಳನ್ನು ಕರೆದೊಯ್ಯುವ ವಾಹನ ನಡೆಸುತ್ತಿದ್ದರು.

ಈಗ ತಮಗೆ ಬೇಕಾದ ಪ್ರೋಟೀನಿನ ವಂಶವಾಹಿಗೆ ಜಿಎಫ್‌ಪಿಯ ವಂಶವಾಹಿಯನ್ನು ಜೋಡಿಸಿ ಕೋಶಕ್ಕೆ ಕೊಡುತ್ತಾರೆ. ಕೋಶ ತಾನೇ ದೀಪಸಹಿತ ಪ್ರೋಟೀನನ್ನು ತಯಾರಿಸುತ್ತದೆ. ಇಲ್ಲಿಯೂ ಎಚ್ಚರ ಬೇಕು. ಬಾಲಕ್ಕೆ ಕಟ್ಟಿದ ಲಾಂದ್ರ ಭಾರವಾಗಿ ಪ್ರೋಟೀನು ದಾರಿ ತಪ್ಪಬಹುದು. ಕೋಶ ಅದನ್ನು ಅತಿಯಾಗಿ ತಯಾರಿಸಿದರೆ ಇರಬಾರದ ಕಡೆಯೆಲ್ಲ ತುಂಬಿಕೊಳ್ಳಬಹುದು.

ರೋಗಿಯ ಪಾಲಿಗೆ ಇದೇಕೆ ಮುಖ್ಯ?

ಇದೆಲ್ಲ ವಿಜ್ಞಾನಿಗಳ ಜಗಳವೆಂದು ತಳ್ಳಿಹಾಕುವಂತಿಲ್ಲ. ಕೀಲುನೋವು, ಮುಖದ ಮೇಲೆ ಕೆಂಪು ದದ್ದು, ಬಿಡದ ಜ್ವರ ಎಂದು ಬಂದವರಿಗೆ ಲೂಪಸ್ ಇರಬಹುದೆಂಬ ಸಂಶಯ ಬಂದರೆ ವೈದ್ಯರು ಎಎನ್ಎ ಪರೀಕ್ಷೆ ಬರೆಯುತ್ತಾರೆ. ಆ ಪರೀಕ್ಷೆಯ ಮೂಲ ರೂಪ ಮೇಲೆ ಹೇಳಿದ ಕೆಲಸವೇ. ಗಾಜಿನ ಮೇಲೆ ಬೆಳೆಸಿ ಸ್ಥಿರೀಕರಿಸಿದ ಹೆಪ್-2 ಎಂಬ ಕೋಶಗಳ ಮೇಲೆ ರೋಗಿಯ ರಕ್ತಸಾರವನ್ನು ಹಾಕುತ್ತಾರೆ. ರೋಗಿಯ ದೇಹ ತನ್ನದೇ ಕೋಶಕೇಂದ್ರದ ವಿರುದ್ಧ ಪ್ರತಿಕಾಯ ತಯಾರಿಸುತ್ತಿದ್ದರೆ ಅದು ಹೋಗಿ ಅಂಟುತ್ತದೆ. ಬಣ್ಣ ಕಟ್ಟಿದ ಎರಡನೆಯ ಪ್ರತಿಕಾಯ ಅದನ್ನು ಬಯಲು ಮಾಡುತ್ತದೆ. ಕೋಶಕೇಂದ್ರ ಇಡಿಯಾಗಿ ಹೊಳೆಯಿತೇ, ಚುಕ್ಕೆಚುಕ್ಕೆಯಾಗಿಯೇ ಎಂಬುದರ ಮೇಲೆ ಮುಂದಿನ ಪರೀಕ್ಷೆಗಳು ನಿರ್ಧಾರವಾಗುತ್ತವೆ. ಧ್ವನಿಪೆಟ್ಟಿಗೆಯ ಗೆಡ್ಡೆಯದೆಂದು ಹೆಸರಾಗಿದ್ದ ಈ ಹೆಪ್-2 ಕೂಡ ನಿಜವಾಗಿ ಹೀಲಾ ಕೋಶಗಳೇ ಬೆರೆತು ಬಂದದ್ದೆಂದು ಆಮೇಲೆ ತಿಳಿಯಿತು. ಹುಚ್ಚುನಾಯಿ ಕಡಿತದ ಪ್ರಕರಣಗಳಲ್ಲಿ ಪ್ರಾಣಿಯ ಮಿದುಳಿನಲ್ಲಿ ರೇಬೀಸ್ ವೈರಸ್ ಇದೆಯೇ ಎಂದು ನೋಡುವುದೂ ಹೊಳೆಯುವ ಪ್ರತಿಕಾಯದಿಂದಲೇ.

ಹೀಗಿರುವಾಗ ನಂಬುವುದು ಹೇಗೆ? ಅದಕ್ಕೆ ಉಪಾಯ ದುಬಾರಿಯದಲ್ಲ. ಒಂದು ಬಿಲ್ಲೆಗೆ ಮೊದಲ ಪ್ರತಿಕಾಯವನ್ನೇ ಹಾಕದೆ ಬರಿಯ ಎರಡನೆಯದನ್ನು ಹಾಕಬೇಕು. ಇನ್ನೊಂದಕ್ಕೆ ಯಾವ ಬಣ್ಣವನ್ನೂ ಹಾಕಬಾರದು. ಕೋಶಗಳಿಗೆ ತಮ್ಮದೇ ಮಂದ ಹೊಳಪಿರುತ್ತದೆ. ಸಾಧ್ಯವಿದ್ದರೆ ಆ ಪ್ರೋಟೀನೇ ಇಲ್ಲದಂತೆ ಮಾಡಿದ ಕೋಶಗಳ ಮೂರನೆಯದೊಂದು. ಎರಡು ಬಣ್ಣ ಬಳಸಿದ್ದರೆ ಒಂದರ ಬೆಳಕು ಇನ್ನೊಂದರ ಕಿಟಕಿಯಲ್ಲಿ ಸೋರುತ್ತಿದೆಯೇ ಎಂದು ಬಿಡಿಬಿಡಿಯಾಗಿ ನೋಡಬೇಕು. ಕ್ಯಾಮೆರಾದ ಅಳತೆಗಳನ್ನು ಎಲ್ಲಕ್ಕೂ ಒಂದೇ ಇಡಬೇಕು. ಎರಡು ವಿಧದಲ್ಲಿ ಸ್ಥಿರೀಕರಿಸಿ, ಆದಷ್ಟೂ ಜೀವಂತ ಕೋಶದಲ್ಲಿಯೂ ಒಮ್ಮೆ ನೋಡಿ, ಮೂರೂ ಒಂದೇ ಮಾತು ಹೇಳಿದರೆ ಮಾತ್ರ ಬರೆದುಕೊಳ್ಳಬೇಕು.

ಪತ್ರಿಕೆಯ ಮುಖಪುಟಕ್ಕೆ ಹೋಗುವುದು ಹಸಿರು, ಕೆಂಪು, ನೀಲಿ ಹೊಳೆಯುವ ಬಿಲ್ಲೆ. ಆದರೆ ಕತ್ತಲ ಕೋಣೆಯಲ್ಲಿ ಅನುಭವಿ ಸಂಶೋಧಕರು ಮೊದಲು ಸೂಕ್ಷ್ಮದರ್ಶಕದ ಕೆಳಗೆ ಇಡುವುದು, ಏನೂ ಕಾಣಬಾರದ ಆ ಕಪ್ಪು ಬಿಲ್ಲೆಯನ್ನು. ಅದು ಕಪ್ಪಾಗಿಯೇ ಇದ್ದರೆ ಉಳಿದದ್ದನ್ನು ನೋಡಲು ಕೂರುತ್ತಾರೆ. ಅದೂ ಹೊಳೆದರೆ ದೀಪ ಆರಿಸಿ, ಮತ್ತೆ ಕೋಶ ಬಿತ್ತಲು ಹೋಗುತ್ತಾರೆ.